ಹೊಲಶೊವಿತ್ಸೆ: ಊರಿನ ನಕ್ಷೆ, ಊರಿನ ಜನ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಚೆಕ್ ದೇಶದ ಪ್ರವಾಸ ಲೇಖನದಲ್ಲಿ ದಕ್ಷಿಣ ಬೊಹೀಮಿಯಾದ ಹೊಲಶೊವಿತ್ಸೆ ಎಂಬ ಪುಟ್ಟ ಹಳ್ಳಿಯ ಪ್ರಸ್ತಾಪವಿದ್ದುದನ್ನು ಕಂಡು ಸಂತೋಷವಾಯಿತು. ಪ್ರಾಗ್ ನಗರದ ಹಳೆಯ ಸೇತುವೆಯನ್ನೂ ಚೆಸ್ಕಿ ಕ್ರುಮ್ಲೊವ್‌ನ ಕೋಟೆಯನ್ನೂ ನೋಡಿ ಆಸ್ಟ್ರಿಯಾದ ಕಡೆಗೆ ಬಸ್ಸು ಹತ್ತಿಬಿಡುವುದು ನಮ್ಮ ಪ್ರವಾಸಿ ತಂಡಗಳ ರೂಢಿಯಾಗಿರುವಾಗ, ಆ ಎರಡರ ನಡುವೆ ರೈತರು ಕಟ್ಟಿಕೊಂಡ ಒಂದು ಊರೂ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ ಎಂದು ಕನ್ನಡದ ಓದುಗರಿಗೆ ತಿಳಿಸಿದ ಲೇಖಕರಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಮಧ್ಯಯುಗದಿಂದ ಇಂದಿನವರೆಗೆ ಅಲ್ಲಿ ಏನೂ ಬದಲಾಗಿಲ್ಲವೆಂದೂ, ಅದೇ ಮನೆತನಗಳು ತಲೆತಲಾಂತರದಿಂದ ಅದೇ ಮನೆಗಳಲ್ಲಿ ಬಾಳಿಕೊಂಡು ಬಂದಿವೆಯೆಂದೂ ಲೇಖನ ಹೇಳಿರುವುದು ಸರಿಯಲ್ಲ. ನಿಜಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿದೆ. ಆ ಊರಿನ ನಕ್ಷೆ ಉಳಿಯಿತು, ಜನ ಉಳಿಯಲಿಲ್ಲ. ಜನ ಉಳಿಯದೆ ಹೋದದ್ದು ನಕ್ಷೆ ಉಳಿಯಲು ಒಂದು ಕಾರಣವೂ ಆಯಿತು. ಕಾಲೇಜಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತನಾದ ನಾನು ಆ ಊರನ್ನು ನೋಡಿ ಬಂದವನಾದ್ದರಿಂದ ಈ ಮಾತನ್ನು ತುಸು ವಿಸ್ತಾರವಾಗಿ ಹೇಳಲು ಅವಕಾಶ ಕೋರುತ್ತೇನೆ.

ಮೊದಲು ನೆಲದ ಮಾತು. ವ್ಲ್ತಾವಾ ನದಿಯ ದಡದ ಚೆಸ್ಕೆ ಬುದೆಯೊವಿತ್ಸೆ ಆ ಸೀಮೆಯ ದೊಡ್ಡ ನಗರ. ಅದರ ಪಶ್ಚಿಮಕ್ಕೆ ಸುಮಾರು 15 ಕಿಲೋಮೀಟರ್ ದೂರದಲ್ಲಿ, ಯಾನ್ಕೊವ್ ಎಂಬ ಗ್ರಾಮಾಡಳಿತಕ್ಕೆ ಸೇರಿದ ಹಳ್ಳಿ ಹೊಲಶೊವಿತ್ಸೆ. ದಕ್ಷಿಣದ ಕಡೆ ಬ್ಲಾನ್ಸ್ಕಿ ಲೆಸ್ ಎಂಬ ಕಾಡುಗುಡ್ಡಗಳ ಸಾಲಿದ್ದು, ಅದರಲ್ಲಿ ಎಲ್ಲಕ್ಕಿಂತ ಎತ್ತರವಾದ ಕ್ಲೆತ್ ಶಿಖರ 1,084 ಮೀಟರ್ ಇದೆ. ಉತ್ತರಕ್ಕೆ ತಿರುಗಿದರೆ ನೆಲ ತಗ್ಗಾಗುತ್ತಾ ಹೋಗಿ, ಹಿಂದೆ ಜೌಗಾಗಿದ್ದು ಕ್ರಮೇಣ ಹುಲ್ಲುಗಾವಲು ಮತ್ತು ಹೊಲಗಳಾದ ಬಯಲು ಸಿಗುತ್ತದೆ. ಜೇಡಿಮಣ್ಣು ಹೆಚ್ಚಾಗಿರುವ, ನೀರು ಇಂಗದೆ ನಿಲ್ಲುವ ಈ ತಗ್ಗಿನಲ್ಲಿ ಜನ ಮಧ್ಯಯುಗದ ಕೊನೆಯ ಹೊತ್ತಿಗೆ ಕೆರೆ ಕಟ್ಟಿ ಮೀನು ಸಾಕುವುದನ್ನು ದೊಡ್ಡ ಉದ್ಯೋಗವಾಗಿ ಬೆಳೆಸಿದರು. ಇಲ್ಲಿಂದ ಪೂರ್ವಕ್ಕೆ ತ್ರ್ಷೆಬೊನ್ ಸೀಮೆಯಲ್ಲಿ 1590ರಲ್ಲಿ ಕಟ್ಟಿ ಮುಗಿಸಿದ ರೊಜ್ಮ್‌ಬೆರ್ಕ್ ಕೆರೆ ಇಂದಿಗೂ ಆ ದೇಶದ ಅತಿದೊಡ್ಡ ಮೀನುಕೆರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಚೆಕ್ ಜನರು ತಪ್ಪದೆ ಉಣ್ಣುವ ಕಾರ್ಪ್ ಮೀನು ಬರುವುದು ಬಹುಪಾಲು ಇಂಥ ಕೆರೆಗಳಿಂದಲೇ. ಹೊಲಶೊವಿತ್ಸೆಯ ನಡುವೆಯೂ ಒಂದು ಚಿಕ್ಕ ಕೆರೆಯಿದೆ; ಇಂಥ ಊರಕೆರೆಗಳು ಮೀನಿಗೆ ಹೇಗೋ ಹಾಗೆ ಬೆಂಕಿ ಬಿದ್ದಾಗ ನೀರು ಎತ್ತುವುದಕ್ಕೂ ಬೇಕಾಗಿದ್ದವು.

ಊರಿನ ಹೆಸರು 1263ರಷ್ಟು ಹಿಂದಿನ ದಾಖಲೆಯಲ್ಲಿ ಕಾಣಿಸುತ್ತದೆ. ಎರಡನೇ ಪ್ರ್ಷೆಮಿಸ್ಲ್ ಒಟಕರ್ ದೊರೆ ಪಕ್ಕದ ಬುದೆಯೊವಿತ್ಸೆ ನಗರಕ್ಕೆ ತಳಹದಿ ಹಾಕಿದ್ದು 1265ರಲ್ಲಿ. ಅಂದರೆ ಕಾಗದದ ಲೆಕ್ಕದಲ್ಲಾದರೂ ಹಳ್ಳಿ ನಗರಕ್ಕಿಂತ ಎರಡು ವರ್ಷ ಹಿರಿದು. ಆ ದೊರೆಯ ಮಗ ಎರಡನೇ ವಾತ್ಸ್ಲಾವ್ 1292ರಲ್ಲಿ ಈ ಊರನ್ನು ಅಕ್ಕಪಕ್ಕದ ಕೆಲವು ಊರುಗಳೊಡನೆ ವಿಶ್ಶಿ ಬ್ರೋಡ್‌ನ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮಠಕ್ಕೆ ಉಂಬಳಿಯಾಗಿ ಬಿಟ್ಟುಕೊಟ್ಟನು. ಆಸ್ಟ್ರಿಯಾ ಗಡಿಗೆ ಸಮೀಪ, ವ್ಲ್ತಾವಾದ ಮೇಲ್ಗಣಿವೆಯಲ್ಲಿರುವ ಈ ಮಠವನ್ನು ರೊಜ್ಮ್‌ಬೆರ್ಕ್ ಮನೆತನದ ವೋಕ್ 1259ರಲ್ಲಿ ಸ್ಥಾಪಿಸಿದ್ದನು. ಅಂದಿನಿಂದ 1848ರವರೆಗೆ, ಐದೂವರೆ ಶತಮಾನಕ್ಕೂ ಮೀರಿ, ಒಡೆತನ ಮಠದ್ದೇ. ಧರ್ಮಸುಧಾರಕ ಯಾನ್ ಹುಸ್‌ನ ಅನುಯಾಯಿಗಳ ಯುದ್ಧಗಳು, ಮೂವತ್ತು ವರ್ಷಗಳ ಯುದ್ಧ, ಸಿಂಹಾಸನಕ್ಕಾಗಿ ನಡೆದ ಕಾಳಗಗಳು ಬೊಹೀಮಿಯಾದ ಮೇಲೆ ಹಾಯ್ದುಹೋದರೂ ಈ ಒಡೆತನ ಕೈ ಬದಲಾಯಿಸಲಿಲ್ಲ. ಊರಿನ ನಕ್ಷೆ ಅಳಿಯದೆ ಉಳಿದದ್ದರ ಮೊದಲ ಗುಟ್ಟು ಇಲ್ಲಿದೆ ಎಂದು ನನ್ನ ಅನಿಸಿಕೆ. ಪಾಲುದಾರರು ಹೆಚ್ಚಿ ಜಮೀನು ಹರಿದು ಹಂಚಿಹೋಗುವುದು ಒಡೆಯನಿಗೆ ಲಾಭದ ಮಾತಲ್ಲ. ಕಂದಾಯವನ್ನೂ ಬಿಟ್ಟಿ ದುಡಿಮೆಯನ್ನೂ ಒಕ್ಕಲಿನ ಲೆಕ್ಕದಲ್ಲಿ ವಸೂಲು ಮಾಡುವವನಿಗೆ ಒಕ್ಕಲಿನ ಗಡಿ ಹಾಗೆಯೇ ಇರುವುದು ಅನುಕೂಲ.

ಆ ನಕ್ಷೆಯನ್ನು ಲೇಖನ ಒಂದೇ ವಾಕ್ಯದಲ್ಲಿ ದಾಟಿಹೋಗಿದೆ. ವಿಶ್ವ ಪರಂಪರೆ ಸಮಿತಿ 1998ರಲ್ಲಿ ಮನ್ನಣೆ ಕೊಟ್ಟದ್ದು ಬಿಡಿಬಿಡಿಯಾಗಿ ಮನೆಗಳಿಗಲ್ಲ, ಊರಿನ ಒಟ್ಟು ವಿನ್ಯಾಸಕ್ಕೆ. ಹಾಗಾಗಿ ಅದನ್ನು ಬಿಡಿಸಿ ಹೇಳಬೇಕಾಗಿದೆ. ನಡುವೆ ಸುಮಾರು 210 ಮೀಟರ್ ಉದ್ದ, 70 ಮೀಟರ್ ಅಗಲದ ಹುಲ್ಲಿನ ಬಯಲು. ಆ ಬಯಲಿನಲ್ಲಿ ಕೆರೆ, ಒಂದು ಶಿಲುಬೆ, ಹಳೆಯ ಕುಲುಮೆ ಮತ್ತು ನೆಪೊಮುಕ್‌ನ ಸಂತ ಯಾನ್‌ನ ಹೆಸರಿನ ಪುಟ್ಟ ಪ್ರಾರ್ಥನಾ ಮಂದಿರವಿದೆ. ಬಯಲಿನ ಸುತ್ತ ಒಕ್ಕಲುಮನೆಗಳು ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಂತೆ ಭುಜಕ್ಕೆ ಭುಜ ಕೊಟ್ಟು ನಿಂತಿವೆ. ಊರಿನ ಒಟ್ಟು ಕಟ್ಟಡಗಳು ಸುಮಾರು 120. ಅವುಗಳಲ್ಲಿ ಬಯಲಿಗೆ ಮುಖ ಮಾಡಿದ 23 ಒಕ್ಕಲುಮನೆಗಳು ವಿಶೇಷ ರಕ್ಷಣೆಗೆ ಒಳಪಟ್ಟಿವೆ.

ಒಂದು ಒಕ್ಕಲುಮನೆಯ ರಚನೆ ಹೀಗಿರುತ್ತದೆ. ಬಯಲಿನ ಕಡೆಗೆ ಎರಡು ಮುಂಗೋಡೆಗಳು ಕಾಣುತ್ತವೆ. ಒಂದು ವಾಸದ ಮನೆಯದು, ಇನ್ನೊಂದು ಬಹುಮಟ್ಟಿಗೆ ಕಣಜದ್ದು. ಇವೆರಡರ ನಡುವೆ ಬಂಡಿ ಹೋಗುವಷ್ಟು ಅಗಲದ ಕಮಾನಿನ ಹೆಬ್ಬಾಗಿಲು, ಪಕ್ಕದಲ್ಲಿ ಜನ ಓಡಾಡುವ ಚಿಕ್ಕ ಬಾಗಿಲು. ಒಳಗೆ ಹೋದರೆ ಉದ್ದನೆಯ ಅಂಗಳ. ವಾಸದ ಮನೆಯ ಬೆನ್ನಿಗೇ ಅದೇ ಮಾಡಿನ ಕೆಳಗೆ ದನದ ಕೊಟ್ಟಿಗೆ, ಅಂಗಳದ ಕೊನೆಯಲ್ಲಿ ಅಡ್ಡಲಾಗಿ ಹುಲ್ಲು ಮತ್ತು ಪೈರು ತುಂಬುವ ದೊಡ್ಡ ಕೊಟ್ಟಡಿ, ಅದರಾಚೆ ಹಣ್ಣಿನ ಮರಗಳ ಹಿತ್ತಿಲು, ಹಿತ್ತಿಲಿನಾಚೆ ಹೊಲ. ಹೊಲದಿಂದ ಪೈರು ಹಿಂದಿನಿಂದ ಒಳಗೆ ಬರುತ್ತದೆ, ಕಾಳು ಕಣಜ ಸೇರುತ್ತದೆ, ಮಾರಾಟಕ್ಕೆ ಹೊರಟದ್ದು ಮುಂದಿನ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಬೇಸಾಯದ ಈ ನಡೆಯನ್ನು ಅರ್ಥಮಾಡಿಕೊಂಡವರಿಗೆ ಬಯಲಿನ ಕಡೆಯ ಅಗಲ ಏಕೆ ಕಿರಿದು, ಹಿಂದಿನ ಉದ್ದ ಏಕೆ ಅಷ್ಟು ಎಂಬುದು ತಾನಾಗಿ ಹೊಳೆಯುತ್ತದೆ. ಮುಂಗೋಡೆಯ ಬಣ್ಣ ಮತ್ತು ಗಾರೆ ಚಿತ್ತಾರಗಳನ್ನಷ್ಟೇ ನೋಡಿ ಮರಳುವ ಪ್ರವಾಸಿ ಊರಿನ ಕಾಲುಭಾಗವನ್ನು ಮಾತ್ರ ನೋಡಿರುತ್ತಾನೆ.

ಇನ್ನು ಜನರ ಮಾತು. 1520ರಿಂದ 1525ರ ನಡುವೆ ಪ್ಲೇಗ್ ಈ ಊರನ್ನು ಹೊಕ್ಕಿತು. ಆ ಪಿಡುಗು ತೀರಿದಾಗ ಉಳಿದವರು ಇಬ್ಬರೇ ಎಂದು ಊರಿನ ಇತಿಹಾಸ ಹೇಳುತ್ತದೆ. ಸತ್ತವರನ್ನು ಒಟ್ಟಾಗಿ ಹೂಳಿದ ಜಾಗದಲ್ಲಿ, ಊರಿನ ವಾಯವ್ಯಕ್ಕೆ, ಒಂದು ಸ್ಮಾರಕ ಕಂಬವಿದೆ. ಪ್ರವಾಸಿ ಬಸ್ಸುಗಳು ನಿಲ್ಲುವ ಕಡೆಯಿಂದ ಅತ್ತ ಹೋಗುವವರು ಕಡಿಮೆ. ಒಕ್ಕಲಿಲ್ಲದ ಭೂಮಿ ಮಠಕ್ಕೆ ಹೊರೆ. ಆದ್ದರಿಂದ ಮಠದವರು ಬವೇರಿಯಾ ಮತ್ತು ಆಸ್ಟ್ರಿಯಾದ ಕಡೆಯಿಂದ ಹೊಸ ಒಕ್ಕಲುಗಳನ್ನು ಕರೆತಂದು, ಖಾಲಿಬಿದ್ದ ನಿವೇಶನಗಳಲ್ಲೇ ಅವರನ್ನು ನೆಲೆಗೊಳಿಸಿದರು. ಬಂದವರ ಮಾತು ಜರ್ಮನ್. ಸುತ್ತಲಿನ ಊರುಗಳು ಬಹುಪಾಲು ಚೆಕ್ ಮಾತಾಡುವಾಗ ಹೊಲಶೊವಿತ್ಸೆ ಜರ್ಮನ್ ಮಾತಿನ ಒಂದು ನಡುಗಡ್ಡೆಯಾಗಿ ನಾಲ್ಕು ಶತಮಾನ ಉಳಿಯಿತು. 1895ರ ಲೆಕ್ಕದಂತೆ ಅಲ್ಲಿ ಜರ್ಮನ್ ಮೂಲದವರು 157 ಮಂದಿ, ಚೆಕ್ ಮೂಲದವರು 19 ಮಂದಿ. ಚೆಕ್ ರೈತರ ಊರು ಎಂದು ಲೇಖನ ಹೊಗಳಿರುವ ಆ ಮುಂಗೋಡೆಗಳನ್ನು ಕಟ್ಟಿಸಿದ ಕಾಲದಲ್ಲಿ ಊರಿನ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಜರ್ಮನ್ ಮಾತಿನವರಾಗಿದ್ದರು ಎಂಬುದನ್ನು ಓದುಗರಿಗೆ ತಿಳಿಸದೆ ಇರುವುದು ಸಣ್ಣ ಲೋಪವಲ್ಲ.

ಮುಂಗೋಡೆಗಳ ವಯಸ್ಸಿನ ಬಗೆಗೂ ಒಂದು ತಿದ್ದುಪಡಿ ಅಗತ್ಯ. ನಿವೇಶನಗಳ ಅಳತೆ ಮಧ್ಯಯುಗದ್ದು, ನಿಜ. ಮೇಲೆ ಕಾಣುವ ಕಟ್ಟಡಗಳು 18 ಮತ್ತು 19ನೇ ಶತಮಾನದವು. ಅದಕ್ಕೂ ಹಿಂದೆ ಈ ಸೀಮೆಯ ರೈತರ ಮನೆಗಳು ಹೆಚ್ಚಾಗಿ ಮರದ ದಿಮ್ಮಿಯವು, ಮಾಡು ಹುಲ್ಲಿನದು. 18ನೇ ಶತಮಾನದ ಉತ್ತರಾರ್ಧದಲ್ಲಿ ಆಗ ಬೊಹೀಮಿಯಾವನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಅರಸರು ಬೆಂಕಿಯ ಅನಾಹುತ ತಡೆಯಲು ಹೊರಡಿಸಿದ ಆಜ್ಞೆಗಳು ಇಟ್ಟಿಗೆಯ ಗೋಡೆ ಮತ್ತು ಹೊಗೆಗೂಡುಗಳನ್ನು ಹಳ್ಳಿಗೆ ತಂದವು. 1781ರಲ್ಲಿ ಎರಡನೇ ಜೋಸೆಫ್ ಚಕ್ರವರ್ತಿ ರೈತರ ಜೀತಬಂಧನವನ್ನು ಸಡಿಲಿಸಿದನು. ಬಿಟ್ಟಿ ದುಡಿಮೆ ಪೂರ್ತಿಯಾಗಿ ಹೋದದ್ದು 1848ರ ಕ್ರಾಂತಿಯ ವರ್ಷದಲ್ಲಿ. ಮಠದ ಒಡೆತನವೂ ಅಲ್ಲಿಗೆ ಮುಗಿಯಿತು, ಉಳುವವನು ಒಡೆಯನಾದನು.

ಒಡೆಯನಾದವನ ಕೈಯಲ್ಲಿ ನಾಲ್ಕು ಕಾಸು ನಿಂತ ಮೇಲೆ ಮಾಡಿದ ಮೊದಲ ಕೆಲಸಗಳಲ್ಲಿ ಮನೆಯ ಮುಂಗೋಡೆಯನ್ನು ಅಲಂಕರಿಸುವುದೂ ಒಂದಾಗಿತ್ತು. ಹೊಲಶೊವಿತ್ಸೆಯ ಹೆಸರು ಹೊತ್ತ ಶೈಲಿ ರೂಪುಗೊಂಡದ್ದು ಹೀಗೆ. ಮುಂಗೋಡೆಯ ಮೇಲ್ಭಾಗದ ತ್ರಿಕೋನದ ಅಂಚು ನೇರವಾಗಿ ಏರುವ ಬದಲು ಗಂಟೆಯ ಅಂಚಿನಂತೆ ಬಳುಕುತ್ತದೆ, ತುದಿಯಲ್ಲಿ ಸುರುಳಿ ಸುತ್ತುತ್ತದೆ. ಗೋಡೆಯ ಮೇಲೆ ಗಾರೆಯಲ್ಲಿ ಎತ್ತಿದ ಪಟ್ಟಿಗಳು, ಬಳ್ಳಿಗಳು, ಹೂಗಳು ಇರುತ್ತವೆ; ಕೆಲವು ಗೋಡೆಗಳಲ್ಲಿ ಕಟ್ಟಿದ ಇಸವಿಯನ್ನೂ ಬರೆದಿರುತ್ತಾರೆ. ಹಳದಿ, ಬಿಳಿ, ತಿಳಿಗೆಂಪು, ತಿಳಿಹಸಿರು ಬಣ್ಣಗಳು ಒಂದರ ಪಕ್ಕ ಒಂದು ಬಂದರೂ ಕಣ್ಣಿಗೆ ರಾಚುವುದಿಲ್ಲ. ಇದನ್ನು ದಕ್ಷಿಣ ಬೊಹೀಮಿಯಾದ ಜಾನಪದ ಬರೋಕ್ ಎಂದು ಕರೆಯುತ್ತಾರೆ; ಬರೋಕ್ ಎಂದರೆ ಬಳುಕು ಗೆರೆ, ತುಂಬು ಅಲಂಕಾರಗಳ ಯುರೋಪಿನ ಒಂದು ಕಟ್ಟಡ ಶೈಲಿ. ನಗರಗಳ ಚರ್ಚು ಮತ್ತು ಅರಮನೆಗಳಲ್ಲಿ ಬರೋಕ್ ಮುಗಿದು ನೂರು ವರ್ಷ ಕಳೆದಿದ್ದಾಗ ಹಳ್ಳಿಯ ಗಾರೆಯವರು ಅದನ್ನು ತಮ್ಮ ಕೈಗೆ ಹೊಂದುವಂತೆ ತಿದ್ದಿಕೊಂಡರು. ಪ್ರಾಗ್‌ನಲ್ಲಿ ರಾಷ್ಟ್ರೀಯ ರಂಗಮಂದಿರದ ಕಟ್ಟಡ ಏಳುತ್ತಿದ್ದ ಕಾಲಕ್ಕೆ ಈ ರೈತರು ಮಠಾಧೀಶರ ಕಾಲದ ಅಲಂಕಾರವನ್ನು ತಮ್ಮ ಕಣಜದ ಮೇಲೆ ಬರೆಸುತ್ತಿದ್ದರು. ಕಲಾ ಇತಿಹಾಸಕಾರರು ಇದನ್ನು ತಡವಾಗಿ ಬಂದ ಅನುಕರಣೆ ಎನ್ನಬಹುದು. ನನ್ನ ದೃಷ್ಟಿಯಲ್ಲಿ, ನಿನ್ನೆಯವರೆಗೆ ಮಠದ ಹೊಲದಲ್ಲಿ ಬಿಟ್ಟಿ ದುಡಿದವನು ಮಠದ ಗೋಡೆಯ ಮೇಲಿದ್ದ ಅಂದ ಇನ್ನು ತನ್ನ ಮನೆಗೂ ಸಲ್ಲುತ್ತದೆ ಎಂದು ಸಾರಿದ ಬಗೆ ಅದು.

ಪ್ರಾರ್ಥನಾ ಮಂದಿರ 1755ರದು. ಅರಸನ ಆಜ್ಞೆಯಂತೆ 1393ರಲ್ಲಿ ಪ್ರಾಗ್‌ನ ಸೇತುವೆಯಿಂದ ವ್ಲ್ತಾವಾಕ್ಕೆ ಎಸೆಯಲ್ಪಟ್ಟು ಸತ್ತ ಪಾದ್ರಿ ಯಾನ್‌ನನ್ನು ರೋಮ್ 1729ರಲ್ಲಿ ಸಂತನೆಂದು ಘೋಷಿಸಿದ ಮೇಲೆ ಬೊಹೀಮಿಯಾದ ಸೇತುವೆಗಳಲ್ಲೂ ಊರುಗಳಲ್ಲೂ ಅವನ ಮೂರ್ತಿಗಳು ಎದ್ದವು; ಆ ಅಲೆಯ ಫಲವೇ ಇದು. ಲೇಖನ ಇದನ್ನೂ ಮಧ್ಯಯುಗಕ್ಕೆ ಸೇರಿಸಿಬಿಟ್ಟಿದೆ. ಊರಿನ ಅಂಚಿನಲ್ಲಿರುವ ಕಲ್ಲುಗಳ ವರ್ತುಲದ ಚಿತ್ರವನ್ನು ಇತಿಹಾಸಪೂರ್ವ ಕಾಲದ ನೆಲೆ ಎಂಬ ಅಡಿಬರಹದೊಂದಿಗೆ ಮುದ್ರಿಸಿರುವುದು ಇನ್ನೂ ದೊಡ್ಡ ಎಡವಟ್ಟು. ಆ ಕಲ್ಲುಗಳನ್ನು ಅಲ್ಲಿ ನೆಟ್ಟದ್ದು 2008ರಲ್ಲಿ.

ಈಗ, ಲೇಖನ ಒಂದು ಮಾತೂ ಆಡದೆ ಬಿಟ್ಟ ಶತಮಾನಕ್ಕೆ ಬರುತ್ತೇನೆ. ಚೆಕ್ ಹಳ್ಳಿಗಳ ಇಪ್ಪತ್ತನೇ ಶತಮಾನ ಎಂದೊಡನೆ ಲಿದಿತ್ಸೆಯ ಹೆಸರನ್ನು ಹೇಳಲೇಬೇಕು. ನಾಜಿ ಆಡಳಿತದ ಮುಖ್ಯಸ್ಥ ಹೈಡ್ರಿಖ್‌ನ ಹತ್ಯೆಗೆ ಸೇಡಾಗಿ 1942ರ ಜೂನ್ 10ರಂದು ಪ್ರಾಗ್ ಸಮೀಪದ ಆ ಊರಿನಲ್ಲಿ 173 ಗಂಡಸರನ್ನು ಗುಂಡಿಟ್ಟು ಕೊಂದು, ಹೆಂಗಸರನ್ನು ಸೆರೆಶಿಬಿರಕ್ಕೆ ಅಟ್ಟಿ, ಮಕ್ಕಳಲ್ಲಿ ಬಹುಪಾಲನ್ನು ವಿಷಾನಿಲಕ್ಕೆ ಒಡ್ಡಿ, ಮನೆಗಳನ್ನು ನೆಲಸಮ ಮಾಡಿದರು. ಇಂಥ ಆರು ವರ್ಷಗಳ ಆಕ್ರಮಣ ಮುಗಿದ ಮೇಲೆ ಚೆಕೊಸ್ಲೊವಾಕಿಯಾ ತನ್ನ ಗಡಿಯೊಳಗಿನ ಜರ್ಮನ್ ಮಾತಿನವರಲ್ಲಿ ಬಹುಪಾಲು ಜನರನ್ನು, ಅಂದರೆ ಸುಮಾರು 30 ಲಕ್ಷ ಮಂದಿಯನ್ನು, ಹೊರಗೆ ಕಳಿಸಿತು. ಅಧ್ಯಕ್ಷ ಎಡ್ವರ್ಡ್ ಬೆನೆಶ್ 1945ರಲ್ಲಿ ಹೊರಡಿಸಿದ ಆಜ್ಞೆಗಳು ಅವರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡವು. ಯಾರು ಅಪರಾಧಿ, ಯಾರು ಹೊಲದ ಕೆಲಸ ನೋಡಿಕೊಂಡಿದ್ದವನು ಎಂದು ಬೇರ್ಪಡಿಸಿ ನೋಡುವ ತಾಳ್ಮೆ ಆ ಹೊತ್ತಿನಲ್ಲಿ ಇರಲಿಲ್ಲ. ಅದರ ನ್ಯಾಯಾನ್ಯಾಯದ ಚರ್ಚೆ ಆ ದೇಶದಲ್ಲೇ ಇನ್ನೂ ನಡೆದಿದೆ. ಎರಡೂ ಕಡೆಯ ನೋವನ್ನು ಓದಿದ ಮೇಲೆ ದೂರದ ನಾವು ತೀರ್ಪು ಕೊಡಲು ಮುಂದಾಗದಿರುವುದು ಮೇಲು. ಆದರೆ ನಡೆದದ್ದನ್ನು ಹೇಳದೆ ಇರುವುದೂ ಒಂದು ಬಗೆಯ ಪಕ್ಷಪಾತವೇ.

ಹೊಲಶೊವಿತ್ಸೆಯ ಮನೆಗಳೂ ಈ ಅಲೆಯಲ್ಲಿ ಖಾಲಿಯಾದವು. ಪ್ಲೇಗ್ ನಂತರ ಇದು ಎರಡನೇ ಸಲ. ಮುಂದೆ ಕಮ್ಯುನಿಸ್ಟ್ ಆಡಳಿತ ಬಂದು, ಸಾಮೂಹಿಕ ಬೇಸಾಯ ಜಾರಿಯಾಗಿ, ಒಕ್ಕಲುಮನೆಗೂ ಹೊಲಕ್ಕೂ ಇದ್ದ ನಂಟು ದೇಶದಾದ್ಯಂತ ಕಡಿದುಹೋಯಿತು. ಕಣಜಕ್ಕೆ ಕಾಳು ಬಾರದಾಯಿತು, ಮಾಡು ಸೋರತೊಡಗಿತು, ಗಾರೆ ಉದುರಿತು. ಇತ್ತ ವಿಶ್ಶಿ ಬ್ರೋಡ್ ಮಠವನ್ನು 1941ರಲ್ಲಿ ನಾಜಿಗಳು ಒಮ್ಮೆ, 1950ರಲ್ಲಿ ಕಮ್ಯುನಿಸ್ಟರು ಇನ್ನೊಮ್ಮೆ ಮುಚ್ಚಿಸಿದರು. ಹಳೆಯ ಒಡೆಯನೂ ಇಲ್ಲ, ಹಳೆಯ ಒಕ್ಕಲೂ ಇಲ್ಲ ಎಂಬ ಸ್ಥಿತಿ ಅದು.

ಈ ಪಾಳುಬಿದ್ದ ಕಾಲವೇ ಊರನ್ನು ಉಳಿಸಿತು ಎಂಬುದು ಕೇಳಲು ಕಹಿಯಾದರೂ ನಿಜ. ಜನವೂ ಹಣವೂ ತುಂಬಿದ್ದ ಊರುಗಳಲ್ಲಿ ಯುದ್ಧಾನಂತರ ಹಳೆಯ ಮುಂಗೋಡೆ ಕೆಡವಿ ಅಗಲ ಕಿಟಕಿಯ ಹೊಸ ಗೋಡೆ ಕಟ್ಟಿದರು, ಹೆಬ್ಬಾಗಿಲು ಕಿತ್ತು ವಾಹನಕ್ಕೆ ದಾರಿ ಮಾಡಿದರು, ಊರ ಬಯಲಿನಲ್ಲಿ ಅಂಗಡಿ ಕಟ್ಟಿದರು. ಇಲ್ಲಿ ಕೆಡವುವುದಕ್ಕೂ ಯಾರಿಗೂ ಪುರುಸೊತ್ತಿರಲಿಲ್ಲ, ಕಟ್ಟುವುದಕ್ಕೂ ಕಾರಣವಿರಲಿಲ್ಲ. 1989ರ ನವೆಂಬರ್‌ನಲ್ಲಿ ಆಡಳಿತ ಬದಲಾದ ಮೇಲೆ, 1990ರಿಂದ ಒಂದೊಂದೇ ಮನೆಯ ದುರಸ್ತಿ ನಡೆದು, ಜನ ಮತ್ತೆ ವಾಸಕ್ಕೆ ಬಂದರು. 1995ರಲ್ಲಿ ಸರ್ಕಾರ ಊರನ್ನು ರಕ್ಷಿತ ಗ್ರಾಮವೆಂದು ಘೋಷಿಸಿತು. ಮೂರು ವರ್ಷದ ನಂತರ ಜಪಾನಿನ ಕ್ಯೋಟೊ ನಗರದಲ್ಲಿ ಸೇರಿದ ಸಮಿತಿಯ ಸಭೆಯಲ್ಲಿ ವಿಶ್ವ ಪರಂಪರೆಯ ಸ್ಥಾನ ಸಿಕ್ಕಿತು. ಹಾಗಾಗಿ ಇಂದು ಹೊಳೆಯುವ ಬಣ್ಣ ತಲೆತಲಾಂತರದಿಂದ ಬಂದದ್ದಲ್ಲ, ಈಚಿನ ಮೂರು ದಶಕಗಳ ಕೂಲಿ ಮತ್ತು ಖರ್ಚಿನ ಫಲ. ಅದನ್ನು ಮಾಡಿದವರಿಗೆ ಸಲ್ಲಬೇಕಾದ ಹೊಗಳಿಕೆಯನ್ನು ನಾವು ಸುಮ್ಮನೆ ಕಾಲಪುರುಷನಿಗೆ ಅರ್ಪಿಸಬಾರದು.

ಈಗ ಅಲ್ಲಿನ ನಿವಾಸಿಗಳು ನೂರೈವತ್ತಕ್ಕೂ ಕಡಿಮೆ. ಜುಲೈ ಕೊನೆಯಲ್ಲಿ ನಡೆಯುವ ರೈತರ ಜಾತ್ರೆಗೆ ಕುಂಬಾರರು, ಕಮ್ಮಾರರು, ಬುಟ್ಟಿ ಹೆಣೆಯುವವರು, ಮರಗೆಲಸದವರು ಬಯಲಿನಲ್ಲಿ ಮಳಿಗೆ ಹೂಡುತ್ತಾರೆ. ಊರಿನವರ ಹಲವು ಪಟ್ಟು ಜನ ಬಂದು ಹೋಗುತ್ತಾರೆ. ಇಲ್ಲಿ ಒಂದು ಮಾತನ್ನು ನಮ್ಮ ಪ್ರವಾಸಿಗಳಿಗಾಗಿ ಹೇಳಬೇಕು. ಊರ ಬಯಲಿಗೆ ಟಿಕೆಟ್ಟಿಲ್ಲ, ಕಾವಲಿಲ್ಲ. ಆದರೆ ಮನೆಗಳು ವಸ್ತುಸಂಗ್ರಹಾಲಯಗಳಲ್ಲ, ಅವುಗಳಲ್ಲಿ ಸಂಸಾರಗಳಿವೆ. ಲೇಖನದ ಜೊತೆ ಬಂದ ಚಿತ್ರವೊಂದನ್ನು ಯಾರದೋ ಹೆಬ್ಬಾಗಿಲ ಒಳಗಿನಿಂದ, ಒಣಹಾಕಿದ ಬಟ್ಟೆ ಕಾಣುವಂತೆ ತೆಗೆಯಲಾಗಿದೆ. ಹಂಪಿಯ ಬೀದಿಯಲ್ಲಿ ವಾಸವಿರುವ ಯಾರನ್ನಾದರೂ ಕೇಳಿದರೆ, ಪಟ್ಟಿಗೆ ಸೇರಿದ ಊರಿನಲ್ಲಿ ಸಂಸಾರ ಮಾಡುವುದೆಂದರೆ ಏನೆಂದು ಅವರು ವಿವರಿಸಬಲ್ಲರು. ಕಿಟಕಿ ಬದಲಾಯಿಸುವುದಕ್ಕೂ ಅನುಮತಿ ಕೇಳಬೇಕಾದ ಜನ ಅವರು.

ಲೇಖನಮಾಲೆ ಮುಂದುವರಿಯಲಿದೆ ಎಂದು ಪುರವಣಿ ತಿಳಿಸಿರುವುದರಿಂದ ಎರಡು ಕೋರಿಕೆಗಳನ್ನು ಮಾಡುತ್ತೇನೆ. ಕಲ್ಲುವರ್ತುಲದ ಅಡಿಬರಹವನ್ನೂ ಮಂದಿರದ ಕಾಲವನ್ನೂ ಮುಂದಿನ ಸಂಚಿಕೆಯಲ್ಲಿ ತಿದ್ದಿ ಪ್ರಕಟಿಸಬೇಕು. ಊರಿನ ಬಗ್ಗೆ ಇನ್ನೊಮ್ಮೆ ಬರೆಯುವುದಾದರೆ ಮುಂಗೋಡೆಗಳ ನಾಲ್ಕು ಚಿತ್ರಗಳಲ್ಲಿ ಒಂದನ್ನು ಕಡಿಮೆ ಮಾಡಿ, ಆ ಜಾಗದಲ್ಲಿ ಊರಿನ ನೆಲನಕ್ಷೆಯನ್ನು ಅಳತೆ ಸಹಿತ ಮುದ್ರಿಸಿದರೆ ಶಾಲಾ ಮಕ್ಕಳಿಗೂ ಉಪಯೋಗವಾದೀತು. ಲೇಖಕರು ಮತ್ತೆ ಅತ್ತ ಹೋಗುವವರಿದ್ದರೆ ವಿಶ್ಶಿ ಬ್ರೋಡ್‌ಗೂ ಹೋಗಿಬರಲಿ; 1990ರ ನಂತರ ಮಠದಲ್ಲಿ ಸನ್ಯಾಸಿಗಳು ಮತ್ತೆ ನೆಲೆಸಿದ್ದಾರೆ, ಹೊಲಶೊವಿತ್ಸೆಯ ಕಥೆಯ ಅರ್ಧ ಭಾಗ ಅಲ್ಲಿಂದಲೇ ಶುರುವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಅಧ್ಯಾಪಕ, ಧಾರವಾಡ